‘ಬರೆದಾಯ್ತು’ ಅನ್ನುವ ಮಾತು: ಡೇಟಾಬೇಸ್ ಬಫರುಗಳ ಚರಿತ್ರೆ

(ಅಂತರಜಾಲ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಉಳಿಸಿಕೊಳ್ಳಲಾಗಿದೆ.)

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ಮಡಕಶಿರಾ, ಹೊಸೂರು, ತಾಳವಾಡಿ, ವಯನಾಡು, ಗೋವಾ ಇಷ್ಟೂ ಕಡೆಯವರು ಇವತ್ತು ಒಂದೇ ಪರದೆಯ ಮೇಲೆ ಕೂತಿದ್ದೀರಿ. ನಾನು ಕಾಸರಗೋಡಿನವನು. ಗಡಿಯಾಚೆಯ ಕನ್ನಡಿಗರು ಒಟ್ಟು ಸೇರಿದಲ್ಲಿ ಮಾತು ಕೊನೆಗೆ ಬಂದು ನಿಲ್ಲುವುದು ದಾಖಲೆಯ ಹತ್ತಿರ. ಯಾರ ಹೆಸರು ಯಾವ ಪುಸ್ತಕದಲ್ಲಿದೆ, ಯಾವ ಭಾಷೆಯಲ್ಲಿದೆ, ಅದು ಉಳಿಯಿತೋ ಅಳಿಯಿತೋ ಎಂಬುದು ನಮಗೆ ಬದುಕಿನ ಪ್ರಶ್ನೆ. ಆ ಪುಸ್ತಕಗಳೆಲ್ಲ ಈಗ ಕಂಪ್ಯೂಟರಿನ ಒಳಗೆ ಹೋಗಿವೆ. ಹಾಗಾಗಿ ಒಂದು ಸಣ್ಣ ಪ್ರಶ್ನೆ ಹಿಡಿದು ಬಂದಿದ್ದೇನೆ: ಕಂಪ್ಯೂಟರು ‘ಬರೆದಾಯ್ತು’ ಅಂತ ಹೇಳಿದಾಗ, ನಿಜವಾಗಿ ಎಲ್ಲಿ ಬರೆದಿರುತ್ತದೆ?

ಒಂದು ಮಳೆಗಾಲದ ಮಧ್ಯಾಹ್ನ

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಮ್ಮ ಕಡೆಯ ಒಂದು ಸೊಸೈಟಿಯಲ್ಲಿ ಕಂಪ್ಯೂಟರು ಹೊಸದಾಗಿ ಬಂದಿತ್ತು. ನಾನು ಕಾಲೇಜು ಹುಡುಗ, ರಜೆಯಲ್ಲಿ ಟೈಪು ಮಾಡಲು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಜೋರು ಮಳೆ, ಕರೆಂಟು ಹೋಯ್ತು. ಯುಪಿಎಸ್ಸಿನ ಬ್ಯಾಟರಿಯೂ ಕೈ ಕೊಟ್ಟಿತು. ಕರೆಂಟು ಬಂದ ಮೇಲೆ ನೋಡಿದರೆ, ಊಟದ ನಂತರ ನಾನು ಹಾಕಿದ್ದ ನಮೂದುಗಳು ಒಂದೂ ಇಲ್ಲ. ಪ್ರತಿ ನಮೂದಿಗೂ ಪರದೆಯ ಮೇಲೆ ‘ಸೇವ್ ಆಗಿದೆ’ ಅಂತ ಬಂದಿತ್ತು. ನನ್ನ ಕಣ್ಣಾರೆ ಕಂಡದ್ದು.

ಅಡಿಕೆ ಹಾಕಿ ಹೋಗಿದ್ದ ಒಬ್ಬ ಹಿರಿಯರು ಮತ್ತೆ ಬಂದರು. ಕೈಯಲ್ಲಿ ರಸೀದಿ ಇದೆ, ಲೆಕ್ಕದಲ್ಲಿ ಹೆಸರಿಲ್ಲ. ‘ಎಂತ ಮಾರಾಯ, ನಿನ್ನ ಪೆಟ್ಟಿಗೆ ನನ್ನ ಅಡಿಕೆ ತಿಂದಿತಾ?’ ಅಂದರು. ಅಂದು ನಮ್ಮ ಮಾನ ಉಳಿಸಿದ್ದು ಹಳೆಯ ಗುಮಾಸ್ತರು. ಕಂಪ್ಯೂಟರನ್ನು ನಂಬದ ಅವರು ಪ್ರತಿಯೊಂದನ್ನೂ ಬಂದ ಕ್ರಮದಲ್ಲೇ ಒಂದು ಪುಸ್ತಕದಲ್ಲಿ ಗೀಚಿ ಇಡುತ್ತಿದ್ದರು. ನಮ್ಮಲ್ಲಿ ಅದಕ್ಕೆ ಡೇಬುಕ್ ಅನ್ನುತ್ತಾರೆ, ಸೊಲ್ಲಾಪುರದ ಕಡೆಯವರು ಕಿರ್ದಿ ಅನ್ನುತ್ತೀರಿ. ಆ ಪುಸ್ತಕ ನೋಡಿ ನೋಡಿ ಸಂಜೆವರೆಗೆ ಎಲ್ಲವನ್ನೂ ಮತ್ತೆ ಹಾಕಿದೆವು.

ಪರದೆ ಸುಳ್ಳು ಹೇಳಿದ್ದು ಯಾಕೆ? ಇದಕ್ಕೆ ಉತ್ತರ ತಿಳಿಯಲು ನನಗೆ ಹಲವು ವರ್ಷ ಬೇಕಾಯಿತು. ಆ ಗುಮಾಸ್ತರು ಮಾಡಿದ ಕೆಲಸವನ್ನೇ ಜಗತ್ತಿನ ದೊಡ್ಡ ದೊಡ್ಡ ಎಂಜಿನಿಯರುಗಳು ಯಂತ್ರಕ್ಕೆ ಕಲಿಸಿದ್ದಾರೆ ಅಂತ ಗೊತ್ತಾದದ್ದೂ ಆಗಲೇ.

1956: ತಿರುಗುವ ತಟ್ಟೆ

1956ನೇ ಇಸವಿ ನಮಗೆ ಮರೆಯುವಂಥದ್ದಲ್ಲ. ಆ ವರ್ಷ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಐಬಿಎಂ ಕಂಪನಿ ರಾಮ್ಯಾಕ್ ಎಂಬ ಯಂತ್ರವನ್ನು ಹೊರತಂದಿತು. ಎರಡಕ್ಕೂ ಸಂಬಂಧ ಏನೂ ಇಲ್ಲ, ಇಸವಿ ನೆನಪಿರಲಿ ಅಂತ ಹೇಳಿದೆ. ಆ ಯಂತ್ರದ ಜೊತೆಗಿದ್ದ ಐಬಿಎಂ 350 ಎಂಬ ಘಟಕವೇ ಮಾರುಕಟ್ಟೆಗೆ ಬಂದ ಮೊದಲ ಡಿಸ್ಕ್ ಡ್ರೈವ್. 24 ಅಂಗುಲ ಅಗಲದ 50 ತಟ್ಟೆಗಳು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಬೇಕಾದ ಜಾಗಕ್ಕೆ ತಲೆ ಹೋಗಿ ತಲುಪಲು ಸರಾಸರಿ ಅರ್ಧ ಸೆಕೆಂಡಿಗೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಡಿಸ್ಕಿನ ಗುಣ ಏನು? ಕರೆಂಟು ಹೋದರೂ ಬರೆದದ್ದು ಉಳಿಯುತ್ತದೆ, ಆದರೆ ನಿಧಾನ. ಮೆಮೊರಿಯ ಗುಣ ಇದಕ್ಕೆ ಉಲ್ಟಾ: ಬಹಳ ವೇಗ, ಕರೆಂಟು ಹೋದರೆ ಖಾಲಿ. ಇವತ್ತಿನ ಲೆಕ್ಕದಲ್ಲಿ ಹೇಳುವುದಾದರೆ, ಮೆಮೊರಿಯಿಂದ ಒಂದು ಸಂಗತಿ ತರಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ತಿರುಗುವ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಬೇಕು. ಅಂದ್ರೆ ಒಂದು ಲಕ್ಷ ಪಟ್ಟು ವ್ಯತ್ಯಾಸ. ಈ ಅಂತರವನ್ನು ತುಂಬಲು ನಡುವೆ ಇಟ್ಟ ಜಾಗವೇ ಬಫರ್.

‘ಕಡತ’ ಎಂಬ ನಮ್ಮ ಪದವನ್ನು ನೆನಪು ಮಾಡಿಕೊಳ್ಳಿ. ಇವತ್ತು ಕಡತ ಅಂದರೆ ಫೈಲು. ಹಿಂದೆ ಅದು ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಮಡಿಕೆ ಬಟ್ಟೆ. ಬಳಪದಲ್ಲಿ ಬರೆದು, ಬೇಕಾದರೆ ಒರೆಸಿ, ಮತ್ತೆ ಬರೆಯಬಹುದಾಗಿತ್ತು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವೇ ಇವೆ. ಬಳಪದ ಬರಹ ಬೇಗ, ಕಲ್ಲಿನ ಬರಹ ನಿಧಾನ. ಒಂದು ಒರೆಸಿ ಹೋದೀತು, ಇನ್ನೊಂದು ಉಳಿದೀತು. ಬಫರಿನ ಚರಿತ್ರೆಯೆಲ್ಲ ಈ ಎರಡರ ನಡುವಿನ ಚೌಕಾಸಿ.

ಬಫರ್ ಪೂಲ್ ಅಂದರೆ

ಡೇಟಾಬೇಸು ಡಿಸ್ಕಿನ ಮೇಲಿನ ಮಾಹಿತಿಯನ್ನು ಸಮಾನ ಅಳತೆಯ ಪುಟಗಳಾಗಿ ಇಟ್ಟುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪುಟ ರೂಢಿಯಂತೆ 8 ಕಿಲೋಬೈಟ್, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ 16 ಕಿಲೋಬೈಟ್. ಶುರುವಾಗುವಾಗಲೇ ಅದು ಮೆಮೊರಿಯ ಒಂದು ದೊಡ್ಡ ಭಾಗವನ್ನು ತನಗೆ ಅಂತ ಹಿಡಿದು, ಪುಟದ ಅಳತೆಯ ಖಾನೆಗಳಾಗಿ ಹಂಚಿಕೊಳ್ಳುತ್ತದೆ. ಇದೇ ಬಫರ್ ಪೂಲ್. ಯಾವ ಪುಟ ಯಾವ ಖಾನೆಯಲ್ಲಿದೆ ಎಂದು ಹುಡುಕಲು ಒಂದು ಪಟ್ಟಿ ಇರುತ್ತದೆ. ಪ್ರತಿ ಖಾನೆಗೂ ಎರಡು ಗುರುತು: ಈಗ ಎಷ್ಟು ಜನ ಇದನ್ನು ಬಳಸುತ್ತಿದ್ದಾರೆ ಎಂಬುದು ಒಂದು, ಪುಟ ಬದಲಾಗಿದೆಯೇ ಎಂಬುದು ಇನ್ನೊಂದು.

ಅಡಿಕೆ ಹಾಕಿದವರ ಹೆಸರು ಸೇರಿಸುವಾಗ ಯಂತ್ರ ನೇರವಾಗಿ ಡಿಸ್ಕಿಗೆ ಬರೆಯುವುದಿಲ್ಲ. ಆ ಪುಟವನ್ನು ಬಫರಿಗೆ ತಂದು, ಅಲ್ಲಿ ತಿದ್ದಿ, ‘ಡರ್ಟಿ’ ಅಂತ ಗುರುತು ಹಾಕುತ್ತದೆ. ಡರ್ಟಿ ಅಂದರೆ ಕೊಳೆ ಅಂತಲ್ಲ. ಮೆಮೊರಿಯಲ್ಲಿರುವ ಪ್ರತಿ ಹೊಸದು, ಡಿಸ್ಕಿನಲ್ಲಿರುವುದು ಹಳೆಯದು ಅಂತ ಅರ್ಥ. ಅದೇ ಪುಟಕ್ಕೆ ಇನ್ನೂ ಹತ್ತು ಬದಲಾವಣೆ ಬಂದರೆ ಹತ್ತೂ ಮೆಮೊರಿಯಲ್ಲೇ ಆಗುತ್ತವೆ. ಡಿಸ್ಕಿಗೆ ಹೋಗುವುದು ಒಂದೇ ಸಲ. ಲಾಭ ಇರುವುದು ಇಲ್ಲಿ, ಅಪಾಯ ಇರುವುದೂ ಇಲ್ಲೇ. ಡರ್ಟಿ ಪುಟ ಡಿಸ್ಕಿಗೆ ಇಳಿಯುವ ಮೊದಲೇ ಕರೆಂಟು ಹೋದರೆ?

ಮೊದಲು ಡೇಬುಕ್, ಆಮೇಲೆ ಖಾತೆ

1966ರಲ್ಲಿ ಚಂದ್ರಯಾನದ ಅಪೋಲೋ ಯೋಜನೆಗೆ ಬೇಕಾದ ಬಿಡಿಭಾಗಗಳ ಲೆಕ್ಕ ಇಡಲು ಐಬಿಎಂನವರು ಕೆಲಸ ಶುರು ಮಾಡಿದರು. 1968ರಲ್ಲಿ ಅದು ಕ್ಯಾಲಿಫೋರ್ನಿಯದ ಡೌನಿಯಲ್ಲಿ ಓಡಲು ತೊಡಗಿತು. ಮುಂದೆ ಐಎಂಎಸ್ ಎಂಬ ಹೆಸರು ಪಡೆದ ಡೇಟಾಬೇಸು ಅದು. 1970ರಲ್ಲಿ ಎಡ್ಗರ್ ಕಾಡ್ ರಿಲೇಶನಲ್ ಮಾದರಿಯ ಪ್ರಬಂಧ ಬರೆದರು. ಅದನ್ನು ಮಾಡಿ ತೋರಿಸಲು ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ಸಿಸ್ಟಂ ಆರ್ ಯೋಜನೆ ಹುಟ್ಟಿತು. ಅಲ್ಲಿದ್ದ ಜಿಮ್ ಗ್ರೇ ಎಂಬವರು ಈ ಚರಿತ್ರೆಯ ಮುಖ್ಯ ವ್ಯಕ್ತಿ.

ಸಿಸ್ಟಂ ಆರ್‌ನಲ್ಲಿ ಮೊದಲು ಹಿಡಿದ ದಾರಿ ನೆರಳು ಪುಟದ್ದು. ಹಳೆಯ ಪುಟವನ್ನು ಮುಟ್ಟದೆ, ಹೊಸ ಪ್ರತಿಯನ್ನು ಬೇರೆ ಜಾಗದಲ್ಲಿ ಬರೆದು, ಕೊನೆಗೆ ವಿಳಾಸ ಬದಲಿಸುವುದು. ದೊಡ್ಡ ಡೇಟಾಬೇಸಿಗೆ ಅದು ಸರಿಹೋಗಲಿಲ್ಲ. 1981ರಲ್ಲಿ ಗ್ರೇ ಮತ್ತು ಸಂಗಡಿಗರು ತಮ್ಮ ಅನುಭವ ಬರೆಯುವಾಗ ಇದನ್ನು ಮರೆಮಾಚದೆ ಒಪ್ಪಿಕೊಂಡಿದ್ದಾರೆ. ಉಳಿದುಕೊಂಡ ದಾರಿಯ ನಿಯಮವನ್ನು 1978ರಲ್ಲಿ ಪ್ರಕಟವಾದ ತಮ್ಮ ಟಿಪ್ಪಣಿಗಳಲ್ಲಿ ಗ್ರೇ ವಿವರಿಸಿದ್ದರು: ಪುಟವನ್ನು ಡಿಸ್ಕಿನಲ್ಲಿ ತಿದ್ದುವ ಮೊದಲು, ಏನು ತಿದ್ದುತ್ತಿದ್ದೇನೆ ಎಂಬುದನ್ನು ಲಾಗ್ ಎಂಬ ಸಾಲುಪುಸ್ತಕದಲ್ಲಿ ಬರೆದು ಡಿಸ್ಕಿಗೆ ಇಳಿಸಿರಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ರೈಟ್ ಅಹೆಡ್ ಲಾಗಿಂಗ್ ಅನ್ನುತ್ತಾರೆ. ನಮ್ಮ ಗುಮಾಸ್ತರು ಮಾಡಿದ್ದು ಇದನ್ನೇ ಅಲ್ವಾ?

ಖಾತೆ ಪುಸ್ತಕದಲ್ಲಿ ಒಬ್ಬೊಬ್ಬರದು ಒಂದೊಂದು ಪುಟ. ಹತ್ತು ಜನರ ಲೆಕ್ಕ ಹಾಕಲು ಹತ್ತು ಕಡೆ ಮಗುಚಬೇಕು. ಡೇಬುಕ್ಕಿನಲ್ಲಿ ಹಾಗಿಲ್ಲ, ಒಂದರ ಕೆಳಗೆ ಒಂದು ಬರೆಯುತ್ತಾ ಹೋದರಾಯಿತು. ಡಿಸ್ಕಿಗೂ ಸಾಲಾಗಿ ಬರೆಯುವುದು ಸುಲಭ, ಅಲ್ಲಿ ಇಲ್ಲಿ ಹಾರಿ ಬರೆಯುವುದು ಕಷ್ಟ. ಆದ್ದರಿಂದ ‘ಬರೆದಾಯ್ತು’ ಅಂತ ಹೇಳಲು ಖಾತೆ ಪುಟ ಡಿಸ್ಕಿಗೆ ಇಳಿಯುವವರೆಗೆ ಕಾಯಬೇಕಾಗಿಲ್ಲ. ಲಾಗಿನ ಸಾಲು ಇಳಿದರೆ ಸಾಕು.

ಲಾಗಿಗೂ ಒಂದು ಸಣ್ಣ ಬಫರು ಇರುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಪ್ರತಿ ವಹಿವಾಟೂ ಒಂದೊಂದು ಸುತ್ತು ಕಾದರೆ ಸೆಕೆಂಡಿಗೆ 120ಕ್ಕಿಂತ ಹೆಚ್ಚು ಆಗದು. ಒಟ್ಟಿಗೆ ಬಂದ ಹತ್ತಾರು ವಹಿವಾಟುಗಳ ಸಾಲುಗಳನ್ನು ಲಾಗ್ ಬಫರಿನಲ್ಲಿ ಕೂಡಿಸಿ ಒಂದೇ ಸಲ ಇಳಿಸಿ, ಆಮೇಲೆ ಎಲ್ಲರಿಗೂ ‘ಆಯ್ತು’ ಅಂದರೆ? ಬಸ್ಸು ತುಂಬಿದ ಮೇಲೆ ಹೊರಟ ಹಾಗೆ. ಇದು ಗುಂಪು ಕಮಿಟ್. 1984ರಲ್ಲಿ ಡೇವಿಡ್ ಡಿವಿಟ್ ಮತ್ತು ಸಂಗಡಿಗರ ಪ್ರಬಂಧ ಇದನ್ನು ವಿವರಿಸಿತು.

ಬಫರು ಯಾರ ಕೈಯಲ್ಲಿರಬೇಕು?

ಅಷ್ಟರಲ್ಲಿ ಇನ್ನೊಂದು ವ್ಯಾಜ್ಯ ಎದ್ದಿತ್ತು. ಆಪರೇಟಿಂಗ್ ಸಿಸ್ಟಮ್ಮಿಗೂ ತನ್ನದೇ ಬಫರು ಇರುತ್ತದೆ. ಹಾಗಿದ್ದರೆ ಡೇಟಾಬೇಸಿಗೆ ಬೇರೆ ಯಾಕೆ? ಬರ್ಕ್ಲಿಯಲ್ಲಿ ಇಂಗ್ರೆಸ್ ಎಂಬ ಡೇಟಾಬೇಸನ್ನು ಯುನಿಕ್ಸ್ ಮೇಲೆ ಕಟ್ಟಿದ್ದ ಮೈಕೆಲ್ ಸ್ಟೋನ್‌ಬ್ರೇಕರ್ 1981ರ ಪ್ರಬಂಧದಲ್ಲಿ ಉತ್ತರ ಕೊಟ್ಟರು. ಯಾವ ಪುಟ ಮತ್ತೆ ಬೇಕಾಗುತ್ತದೆ ಎಂಬುದು ಆಪರೇಟಿಂಗ್ ಸಿಸ್ಟಮ್ಮಿಗೆ ತಿಳಿಯದು, ಡೇಟಾಬೇಸಿಗೆ ತಿಳಿದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾವುದನ್ನು ಯಾವುದಕ್ಕಿಂತ ಮೊದಲು ಡಿಸ್ಕಿಗೆ ಇಳಿಸಬೇಕು ಎಂಬ ಅನುಕ್ರಮ ಡೇಟಾಬೇಸಿನ ಕೈಯಲ್ಲೇ ಇರಬೇಕು. ಲಾಗಿಗಿಂತ ಮೊದಲು ಪುಟ ಹೋಗಿಬಿಟ್ಟರೆ ಲೆಕ್ಕವೆಲ್ಲ ಕೆಟ್ಟಿತು. ಹಾಗಾಗಿ ಮುಖ್ಯ ಡೇಟಾಬೇಸುಗಳು ತಮ್ಮ ಬಫರನ್ನು ತಾವೇ ನೋಡಿಕೊಳ್ಳುತ್ತವೆ.

1983ರಲ್ಲಿ ಜರ್ಮನಿಯ ಥಿಯೋ ಹೆರ್ಡರ್ ಮತ್ತು ಆಂಡ್ರಿಯಾಸ್ ರಾಯ್ಟರ್ ಬಫರಿನ ನೀತಿಯನ್ನು ಎರಡು ಪ್ರಶ್ನೆಗಳಾಗಿ ವಿಂಗಡಿಸಿದರು. ವಹಿವಾಟು ಮುಗಿಯುವ ಮೊದಲೇ ಅದರ ಡರ್ಟಿ ಪುಟವನ್ನು ಡಿಸ್ಕಿಗೆ ತಳ್ಳಬಹುದೇ? ತಳ್ಳಬಹುದು ಅನ್ನುವುದಾದರೆ ಅದು ‘ಸ್ಟೀಲ್’ ನೀತಿ. ವಹಿವಾಟು ಮುಗಿಯುವ ಕ್ಷಣಕ್ಕೆ ಅದರ ಪುಟಗಳೆಲ್ಲ ಡಿಸ್ಕಿನಲ್ಲಿ ಇರಲೇಬೇಕೇ? ಬೇಕು ಅನ್ನುವುದಾದರೆ ಅದು ‘ಫೋರ್ಸ್’ ನೀತಿ. ಮೆಮೊರಿ ಚೆನ್ನಾಗಿ ಬಳಕೆಯಾಗಬೇಕಾದರೆ ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅನ್ನಬೇಕು. ಆಗ ಎರಡು ಹೊಣೆ ಮೈಮೇಲೆ ಬರುತ್ತದೆ. ಮುಗಿಯದ ವಹಿವಾಟಿನ ಪುಟ ಡಿಸ್ಕಿಗೆ ಹೋಗಿದ್ದರೆ ಅದನ್ನು ಅಳಿಸಬೇಕು. ಮುಗಿದ ವಹಿವಾಟಿನ ಪುಟ ಹೋಗದಿದ್ದರೆ ಅದನ್ನು ಮತ್ತೆ ಬರೆಯಬೇಕು. ಎರಡಕ್ಕೂ ಲಾಗೇ ಆಧಾರ.

ಇದನ್ನು ಪೂರ್ತಿ ವಿಧಾನವಾಗಿ ಕಟ್ಟಿದ್ದು 1992ರ ಏರೀಸ್ ಪ್ರಬಂಧ. ಅದರ ಮೊದಲ ಲೇಖಕರು ಸಿ. ಮೋಹನ್, ಮದ್ರಾಸ್ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋಗಿ ಐಬಿಎಂ ಸೇರಿದವರು. ಏರೀಸ್‌ನಲ್ಲಿ ಲಾಗಿನ ಪ್ರತಿ ಸಾಲಿಗೂ ಏರುಕ್ರಮದ ಸಂಖ್ಯೆ ಇರುತ್ತದೆ. ಪ್ರತಿ ಪುಟವೂ ತನ್ನನ್ನು ಕೊನೆಗೆ ತಿದ್ದಿದ ಸಾಲಿನ ಸಂಖ್ಯೆಯನ್ನು ಹಣೆಯ ಮೇಲೆ ಹೊತ್ತಿರುತ್ತದೆ. ಆ ಸಂಖ್ಯೆಯವರೆಗೆ ಲಾಗ್ ಡಿಸ್ಕಿಗೆ ಇಳಿದ ಹೊರತು ಆ ಪುಟ ಬಫರಿನಿಂದ ಹೊರಡುವಂತಿಲ್ಲ. ಯಂತ್ರ ಬಿದ್ದು ಎದ್ದ ಮೇಲೆ ಮೂರು ಸುತ್ತು: ಎಲ್ಲಿಗೆ ನಿಂತಿತ್ತು ಎಂದು ತಿಳಿಯುವುದು, ಆದದ್ದನ್ನೆಲ್ಲ ಆದ ಕ್ರಮದಲ್ಲೇ ಮತ್ತೆ ಮಾಡುವುದು, ಕೊನೆಗೆ ಅರ್ಧಕ್ಕೆ ನಿಂತದ್ದನ್ನು ಅಳಿಸುವುದು.

ಹಂಚಿಕೆ, ಒತ್ತಡ

ಬಫರಿಗೆ ಎಷ್ಟು ಜಾಗ ಕೊಡಬೇಕು? ಪೋಸ್ಟ್‌ಗ್ರೆಸ್‌ನಲ್ಲಿ ಹಂಚಿಕೆಯ ಬಫರು ಏನೂ ಬದಲಿಸದಿದ್ದರೆ ಸಾಮಾನ್ಯವಾಗಿ 128 ಮೆಗಾಬೈಟ್. ಲಾಗ್ ಬಫರು ಅದರ 32ನೇ ಒಂದು ಪಾಲು. ಖಾಲಿ ಖಾನೆ ಹುಡುಕಲು ಗಡಿಯಾರದ ಮುಳ್ಳಿನಂತೆ ಒಂದು ಸೂಚಕ ಸುತ್ತುತ್ತಿರುತ್ತದೆ. ಈಚೆಗೆ ಯಾರೂ ಮುಟ್ಟದ ಪುಟ ಸಿಕ್ಕರೆ ಅದನ್ನು ತೆಗೆಯುತ್ತದೆ. ಅದು ಡರ್ಟಿಯಾಗಿದ್ದರೆ ಮೊದಲು ಬರೆದು ಆಮೇಲೆ ತೆಗೆಯಬೇಕು. ಆಗ ಗ್ರಾಹಕ ಕಾಯಬೇಕಾಗುತ್ತದೆ. ಹಾಗಾಗದಿರಲಿ ಅಂತ ಹಿನ್ನೆಲೆಯಲ್ಲಿ ಒಬ್ಬ ಬರೆಯುವ ಕೆಲಸಗಾರ ಡರ್ಟಿ ಪುಟಗಳನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಿರುತ್ತಾನೆ. ಆಗಾಗ ಚೆಕ್‌ಪಾಯಿಂಟ್ ಆಗುತ್ತದೆ. ಅಷ್ಟು ಹೊತ್ತಿಗೆ ಡರ್ಟಿಯಾಗಿದ್ದ ಪುಟಗಳೆಲ್ಲ ಇಳಿದು, ಹಳೆಯ ಲಾಗ್ ಇನ್ನು ಬೇಡ ಅಂತಾಗುತ್ತದೆ.

ಫಿನ್ಲೆಂಡಿನ ಹೈಕ್ಕಿ ತುರಿ ಬರೆದ ಇನ್ನೋಡಿಬಿ ಇನ್ನೊಂದು ಸಂಕಟಕ್ಕೆ ದಾರಿ ಹುಡುಕಿತು. 16 ಕಿಲೋಬೈಟಿನ ಪುಟವನ್ನು ಬರೆಯುವಾಗ ಅರ್ಧದಲ್ಲಿ ಕರೆಂಟು ಹೋದರೆ ಪುಟದ ಅರ್ಧ ಹೊಸದು, ಅರ್ಧ ಹಳೆಯದು. ಹರಿದ ಪುಟ. ಅದಕ್ಕೆ ಡಬಲ್‌ರೈಟ್ ಅಂತ ಬೇರೆ ಜಾಗ ಇಟ್ಟು, ಪುಟವನ್ನು ಮೊದಲು ಅಲ್ಲಿ ಬರೆದು, ಆಮೇಲೆ ಸ್ವಂತ ಜಾಗದಲ್ಲಿ ಬರೆಯುತ್ತಾರೆ. ಪೋಸ್ಟ್‌ಗ್ರೆಸ್ ಇದೇ ಕೆಲಸಕ್ಕೆ, ಚೆಕ್‌ಪಾಯಿಂಟಿನ ನಂತರ ಮೊದಲ ಸಲ ಬದಲಾದ ಪುಟದ ಪೂರ್ತಿ ಪ್ರತಿಯನ್ನೇ ಲಾಗಿಗೆ ಹಾಕುತ್ತದೆ. ಎರಡರಲ್ಲೂ ಹೆಚ್ಚು ಬರವಣಿಗೆ ತಪ್ಪಿದ್ದಲ್ಲ. ನಂಬಿಕೆ ಪುಕ್ಕಟೆ ಸಿಗುವುದಿಲ್ಲ.

1996ರಲ್ಲಿ ಪ್ಯಾಟ್ರಿಕ್ ಓನೀಲ್ ಮತ್ತು ಮೂವರು ಸಂಗಡಿಗರು ಇನ್ನೊಂದು ಯೋಚನೆ ಮುಂದಿಟ್ಟರು. ಹಳೆಯ ಪುಟವನ್ನು ಹುಡುಕಿ ತಿದ್ದುವುದೇ ಬೇಡ. ಬಂದದ್ದನ್ನೆಲ್ಲ ಮೆಮೊರಿಯಲ್ಲಿ ವಿಂಗಡಿಸಿ ಇಟ್ಟು, ತುಂಬಿದಾಗ ಒಟ್ಟಿಗೆ ಸಾಲಾಗಿ ಡಿಸ್ಕಿಗೆ ಇಳಿಸೋಣ, ಆಮೇಲೆ ಪುರುಸೊತ್ತಿನಲ್ಲಿ ಕಟ್ಟುಗಳನ್ನು ಬೆರೆಸೋಣ. 2006ರ ಗೂಗಲ್ ಬಿಗ್‌ಟೇಬಲ್ ಪ್ರಬಂಧ ಈ ಮೆಮೊರಿ ಭಾಗವನ್ನು ಮೆಮ್‌ಟೇಬಲ್ ಎಂದು ಕರೆಯಿತು. ಆಮೇಲೆ ಫೇಸ್‌ಬುಕ್ಕಿನಲ್ಲಿ ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ಕಟ್ಟಿದ ಕ್ಯಾಸಾಂಡ್ರಾ, ಅಲ್ಲೇ ಹುಟ್ಟಿದ ರಾಕ್ಸ್‌ಡಿಬಿ ಇದೇ ದಾರಿ ಹಿಡಿದವು. ರಾಕ್ಸ್‌ಡಿಬಿಯ ಒಂದು ಬರವಣಿಗೆ ಬಫರು ರೂಢಿಯಲ್ಲಿ 64 ಮೆಗಾಬೈಟ್. ಅದು ತುಂಬಿದರೆ ಮುಚ್ಚಿ, ಇನ್ನೊಂದನ್ನು ತೆರೆದು, ಮುಚ್ಚಿದ್ದನ್ನು ಡಿಸ್ಕಿಗೆ ಕಳಿಸುತ್ತದೆ. ಡಿಸ್ಕು ಹಿಂದೆ ಬಿದ್ದರೆ ಬರೆಯಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಇಲ್ಲೂ ಲಾಗ್ ತಪ್ಪಲಿಲ್ಲ ನೋಡಿ. ಮೆಮ್‌ಟೇಬಲ್ ಕಳೆದುಹೋದರೆ ಲಾಗಿನಿಂದಲೇ ಮತ್ತೆ ಕಟ್ಟಬೇಕು.

2018: ಮತ್ತೆ ಅದೇ ಪ್ರಶ್ನೆ

ಇಷ್ಟೆಲ್ಲ ಆದ ಮೇಲೆ ಸಮಸ್ಯೆ ಮುಗಿಯಿತು ಅಂದುಕೊಂಡರೆ, 2018ರಲ್ಲಿ ಪೋಸ್ಟ್‌ಗ್ರೆಸ್ ಬಳಗಕ್ಕೆ ಒಂದು ಆಘಾತ ಕಾದಿತ್ತು. ಪೋಸ್ಟ್‌ಗ್ರೆಸ್ ತನ್ನ ಬಫರಿನ ಪುಟವನ್ನು ಆಪರೇಟಿಂಗ್ ಸಿಸ್ಟಮ್ಮಿನ ಕೈಗೆ ಕೊಟ್ಟು, ಆಮೇಲೆ ಎಫ್‌ಸಿಂಕ್ ಎಂಬ ಕರೆಯಿಂದ ‘ಡಿಸ್ಕಿಗೆ ಇಳಿಸು’ ಅನ್ನುತ್ತದೆ. ಡಿಸ್ಕಿನಲ್ಲಿ ದೋಷ ಬಂದು ಈ ಕರೆ ಸೋತರೆ, ಮತ್ತೊಮ್ಮೆ ಕರೆದರಾಯಿತು ಅಂತ ಬಹುಕಾಲದ ನಂಬಿಕೆ. ಲಿನಕ್ಸಿನಲ್ಲಿ ಆಗುತ್ತಿದ್ದದ್ದು ಬೇರೆ. ಸೋತ ಮೇಲೆ ಆ ಪುಟದ ಡರ್ಟಿ ಗುರುತನ್ನು ತೆಗೆದುಬಿಡುತ್ತಿತ್ತು. ಎರಡನೇ ಸಲ ಕರೆದರೆ ‘ಆಯ್ತು’ ಅನ್ನುತ್ತಿತ್ತು. ಬರೆದದ್ದು ಮಾತ್ರ ಎಲ್ಲೂ ಇಲ್ಲ. ಸ್ಟೋನ್‌ಬ್ರೇಕರ್ 1981ರಲ್ಲಿ ಎತ್ತಿದ ಜಗಳವೇ ಬೇರೆ ರೂಪದಲ್ಲಿ ತಿರುಗಿ ಬಂದಿತ್ತು. 2019ರ ಫೆಬ್ರವರಿಯಲ್ಲಿ ಬಂದ ಆವೃತ್ತಿಗಳಿಂದ ಪೋಸ್ಟ್‌ಗ್ರೆಸ್ ರೂಢಿ ಬದಲಿಸಿತು. ಎಫ್‌ಸಿಂಕ್ ಸೋತರೆ ಮತ್ತೆ ಪ್ರಯತ್ನಿಸುವುದಿಲ್ಲ. ತಾನೇ ನಿಂತು, ಲಾಗಿನಿಂದ ಮತ್ತೆ ಎದ್ದು ಬರುತ್ತದೆ. ಸುಳ್ಳು ‘ಆಯ್ತು’ಗಿಂತ ‘ಗೊತ್ತಿಲ್ಲ, ಮೊದಲಿಂದ ನೋಡುತ್ತೇನೆ’ ಅನ್ನುವುದು ಮೇಲು.

ನಮ್ಮ ಅಕ್ಷರ, ಮೂರು ಬೈಟ್

ಕೊನೆಗೆ ನಮ್ಮ ವಿಷಯ. ಯುಟಿಎಫ್ 8 ಎಂಬ ಸಂಕೇತ ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ‘ಕಾಸರಗೋಡು’ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 9 ಬೈಟ್. ಕನ್ನಡದಲ್ಲಿ ಸ್ವರಚಿಹ್ನೆ ಸೇರಿ 8 ಸಂಕೇತ, ಅಂದರೆ 24 ಬೈಟ್. ಬಫರಿನ ಒಂದು ಪುಟದಲ್ಲಿ ಕನ್ನಡದ ಹೆಸರುಗಳು ಅಷ್ಟು ಕಡಿಮೆ ಹಿಡಿಯುತ್ತವೆ. ಆದರೆ ಒಂದು ಲಕ್ಷ ಜನರ ಹೆಸರಿಗೆ ತಲಾ 60 ಬೈಟ್ ಹಿಡಿದರೂ ಒಟ್ಟು 60 ಲಕ್ಷ ಬೈಟ್. 128 ಮೆಗಾಬೈಟಿನ ಬಫರಿನಲ್ಲಿ ಅದು ಒಂದು ಮೂಲೆಗೂ ಸಾಲದು. ‘ಕನ್ನಡ ಹಾಕಿದರೆ ಸಿಸ್ಟಮ್ ನಿಧಾನ ಆಗ್ತದೆ’ ಅಂತ ಯಾರಾದರೂ ಕೌಂಟರಿನಲ್ಲಿ ಹೇಳಿದರೆ, ಈ ಲೆಕ್ಕ ಮುಂದಿಡಿ.

ನಮ್ಮ ಸೊಸೈಟಿಯಲ್ಲಿ ಆದದ್ದು ಇಷ್ಟೆ. ಆ ತಂತ್ರಾಂಶದಲ್ಲಿ ಲಾಗ್ ಇರಲಿಲ್ಲ. ಫೈಲು ಮುಚ್ಚುವಾಗ ಮಾತ್ರ ಎಲ್ಲವೂ ಡಿಸ್ಕಿಗೆ ಇಳಿಯುತ್ತಿತ್ತು. ಪರದೆ ‘ಸೇವ್’ ಅಂದದ್ದು ಮೆಮೊರಿಯನ್ನು ನಂಬಿ. ಡಿಸ್ಕಿನ ಮಟ್ಟಿಗೆ ಆ ಮಾತಿಗೆ ಅರ್ಥವೇ ಇರಲಿಲ್ಲ.

ಗೋಷ್ಠಿಯಲ್ಲಿ ಬಂದ ಎರಡು ಪ್ರಶ್ನೆಗಳು

ಆದೋನಿಯ ಕಡೆಯ ಒಬ್ಬರು ಕೇಳಿದರು: ‘ಸರ್, ಈಗಿನ ಎಸ್‌ಎಸ್‌ಡಿಯಲ್ಲಿ ತಟ್ಟೆ ತಿರುಗೋದೇ ಇಲ್ಲ. ಇನ್ನೂ ಈ ಬಫರು, ಲಾಗು ಬೇಕಾ?’

ಬೇಕು. ಎಸ್‌ಎಸ್‌ಡಿ ಎಷ್ಟೇ ವೇಗ ಅಂದರೂ ಮೆಮೊರಿಗೆ ಸಮ ಅಲ್ಲ. ಅದರೊಳಗೂ ಒಂದು ಬಫರು ಇರುತ್ತದೆ. ಕರೆಂಟು ಹೋದಾಗ ಆ ಬಫರನ್ನು ಕಾಯುವ ವ್ಯವಸ್ಥೆ ಎಲ್ಲ ಎಸ್‌ಎಸ್‌ಡಿಗಳಲ್ಲೂ ಇಲ್ಲ. ಬಫರಿನ ಹಿಂದೆ ಬಫರು, ಅದರ ಹಿಂದೆ ಇನ್ನೊಂದು. ಪ್ರತಿ ಮೆಟ್ಟಿಲಲ್ಲೂ ‘ಇಳಿಯಿತಾ?’ ಅಂತ ಕೇಳಲೇಬೇಕು.

ಸೊಲ್ಲಾಪುರದ ಮೇಷ್ಟ್ರೊಬ್ಬರು ಕೇಳಿದರು: ‘ನಮ್ಮೂರಿನ ಸಂಘದವರು ಸದಸ್ಯರ ಪಟ್ಟಿ, ಹಳೇ ಕಾಗದಪತ್ರ ಎಲ್ಲಾ ಕಂಪ್ಯೂಟರಿಗೆ ಹಾಕಾಕತ್ತೀವಿ. ನಾವು ಏನು ನೋಡಬೇಕ್ರೀ?’

ಮೇಷ್ಟ್ರೇ, ತಂತ್ರಾಂಶ ಕೊಟ್ಟವರಿಗೆ ಮೂರು ಪ್ರಶ್ನೆ ಕೇಳಿ. ‘ಆಯ್ತು’ ಅಂತ ತೋರಿಸುವ ಮೊದಲು ಲಾಗ್ ಡಿಸ್ಕಿಗೆ ಇಳಿಯುತ್ತದಾ? ವೇಗಕ್ಕೋಸ್ಕರ ಆ ಹೊಂದಾಣಿಕೆಯನ್ನು ಯಾರಾದರೂ ಸಡಿಲ ಮಾಡಿದ್ದಾರಾ? ಇನ್ನೋಡಿಬಿಯಲ್ಲಿ ಅದು ಒಂದೇ ಅಂಕಿಯ ಮಾತು, 1 ಇದ್ದರೆ ಪ್ರತಿ ಕಮಿಟ್ಟಿಗೂ ಲಾಗ್ ಇಳಿಯುತ್ತದೆ, 0 ಅಥವಾ 2 ಇದ್ದರೆ ಕರೆಂಟು ಹೋದಾಗ ಕೊನೆಯ ಒಂದೆರಡು ಸೆಕೆಂಡಿನ ಬರಹ ಹೋದೀತು. ಮೂರನೆಯದು, ಬೇರೆ ಜಾಗದಲ್ಲಿ ಇನ್ನೊಂದು ಪ್ರತಿ ಇದೆಯಾ? ಡಿಸ್ಕೇ ಸುಟ್ಟರೆ ಯಾವ ಲಾಗೂ ಕಾಯದು.

ಮತ್ತೆ, ನಿಮ್ಮಲ್ಲಿ ಕಿರ್ದಿ ಬರೆಯುವ ಹಳೇ ಗುಮಾಸ್ತರು ಯಾರಾದರೂ ಇದ್ದರೆ, ಅವರನ್ನು ಈಗಲೇ ಮನೆಗೆ ಕಳಿಸಬೇಡಿ.